ಪಂಚಮಿಗೆ ತಮ್ಮ ಬರಲಿಲ್ಲ, ಮಗ ಫೋನ್ ಬಿಡುತ್ತಿಲ್ಲ: ಬೆಟಗೇರಿಯ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಡಾಕ್ಟರ್ ಬಾಯಾರಿಗೆ ನಮಸ್ಕಾರ. ನಾನು ಬೆಟಗೇರಿಯಾಕಿ, ವಯಸ್ಸು 47. ನಮ್ಮ ಮನಿಯವರದು ಕಿರಾಣಿ ಅಂಗಡಿ. ಒಬ್ಬನ ಮಗ, 24 ವರ್ಷ. ಪಿಎಸ್‌ಐ ಆಗಬೇಕಂತ ಧಾರವಾಡದ ಸಪ್ತಾಪುರದಾಗ ರೂಮ್ ಮಾಡಿಕೊಂಡು ಓದಾಕತ್ತಿ ಮೂರು ವರ್ಷ ಆತು. ಮೊದಲ ದಿನಾ ಮಾತಾಡತಿದ್ದ. ಈಗ ಊರಿಗೆ ಬಂದರೂ ಕಣ್ಣು ಫೋನಿನಾಗ. ರಾತ್ರಿ ಎರಡಕ್ಕ ಎದ್ದು ನೋಡಿದರ ಮಾರಿ ಮ್ಯಾಲ ಫೋನಿನ ಬೆಳಕು. ಕೇಳಿದರ ‘ಓದಾಕತ್ತೀನಿ’ ಅಂತಾನ. ಇನ್ನೊಂದು ಸಂಕಟ ಐತಿ. ನಮ್ಮ ತವರಿನ ಮಂದಿದು ಒಂದು ವಾಟ್ಸಾಪ್ ಗ್ರೂಪ್. ಅದರಾಗ ನಮ್ಮ ಮನಿಯವರು ಎಲೆಕ್ಷನ್ ವಿಡಿಯೋ ಒಂದು ಹಾಕಿದರು, ನನ್ನ ತಮ್ಮ ಅದಕ್ಕ ಏನೋ ಬರದ. ಮಾತಿಗೆ ಮಾತು ಬೆಳೀತು. ಈ ವರ್ಷ ಪಂಚಮಿಗೆ ತಮ್ಮ ಕರಿಯಾಕ ಬರಲಿಲ್ಲ. ಮದುವ್ಯಾಗಿ 26 ವರ್ಷದಾಗ ಇದ ಮೊದಲ. ಮನ್ಯಾಗಿನ ಫೋನ್ ಎಲ್ಲಾ ಒಡದು ಹಾಕಲ್ಯಾ ಅನಸ್ತೈತಿ. ಇದು ಚಟಾನೋ, ರೋಗಾನೋ? ಖರೇ ಹೇಳಬೇಕಂದರ ನಾನೂ ಮಲಗೂಮುಂದ ಒಂದು ತಾಸು ರೀಲ್ಸ್ ನೋಡತೀನ್ರಿ.

ಉತ್ತರ: ಅಕ್ಕಾರೆ, ಫೋನ್ ಒಡೆಯಬೇಡಿ. ಒಡೆದರೆ ಮಗ ಮರುದಿನ ಗೆಳೆಯನ ಫೋನ್ ಹಿಡಿಯುತ್ತಾನೆ, ನಿಮ್ಮಿಬ್ಬರ ನಡುವೆ ಅಷ್ಟಿಷ್ಟು ಉಳಿದಿರುವ ಮಾತೂ ನಿಂತುಹೋಗುತ್ತದೆ. ಧಾರವಾಡದಲ್ಲಿ ಮನೋವೈದ್ಯೆಯಾಗಿ ಬಹಳ ವರ್ಷಗಳಿಂದ ಕೂತಿದ್ದೇನೆ. ಮಕ್ಕಳ ಫೋನ್ ಬಿಡಿಸಿ ಎಂದು ಬರುವ ತಂದೆ-ತಾಯಿಗಳು ಈಗ ದಿನವೂ ಇರುತ್ತಾರೆ. ಆದರೆ ‘ನಾನೂ ನೋಡತೀನ್ರಿ’ ಎಂದು ತಾವಾಗಿಯೇ ಹೇಳುವವರು ಕಡಿಮೆ. ನಿಮ್ಮ ಪತ್ರದ ಆ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ನಿಮ್ಮ ಮನೆಗೆ ದಾರಿ ಅಲ್ಲಿಂದಲೇ ತೆರೆಯುತ್ತದೆ ಎಂದು ನನಗೆ ಅನ್ನಿಸಿತು.

ಮಗನ ಫೋನು, ತಮ್ಮನ ಸಿಟ್ಟು ಎಂದು ನೀವು ಎರಡು ಸಂಕಟ ಬರೆದಿದ್ದೀರಿ. ನನಗೆ ಎರಡರ ಬೇರೂ ಒಂದೇ ಕಡೆ ಕಾಣುತ್ತದೆ. ಹಿಂದೆಲ್ಲ ಒಂದನ್ನು ನೋಡಿ ಮುಗಿಸಿ ಇನ್ನೊಂದಕ್ಕೆ ಹೋಗುವ ನಡುವೆ, ಒಂದು ಮಾತು ಕೇಳಿ ತಿರುಗಿ ಮಾತಾಡುವ ನಡುವೆ ನಮಗೆ ಒಂದಿಷ್ಟು ಹೊತ್ತು ಸಿಗುತ್ತಿತ್ತು. ಆ ಹೊತ್ತಿನಲ್ಲೇ ನಾವು ‘ಸಾಕಿನ್ನು’ ಅನ್ನುತ್ತಿದ್ದೆವು. ‘ಇದನ್ನ ಅನ್ನೋದು ಬ್ಯಾಡ’ ಎಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದೆವು. ಆ ನಡುವಿನ ಹೊತ್ತನ್ನು ಫೋನು ತಿಂದುಹಾಕಿದೆ. ನಿಮ್ಮ ಮಗನಿಗೆ ‘ಸಾಕು’ ಅನ್ನಲು ಹೊತ್ತು ಸಿಗುತ್ತಿಲ್ಲ, ನಿಮ್ಮ ತಮ್ಮನಿಗೂ ಮನೆಯವರಿಗೂ ನಾಲಿಗೆ ಕಚ್ಚಿಕೊಳ್ಳಲು ಹೊತ್ತು ಸಿಗಲಿಲ್ಲ.

ಚಟವೋ ರೋಗವೋ ಎಂದು ಕೇಳಿದ್ದೀರಿ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ, ಅಂದರೆ ಐಸಿಡಿ-11ರಲ್ಲಿ, ಗೇಮ್ ಆಡುವ ಗೀಳು ಸೇರಿದೆ. ಸಾಮಾಜಿಕ ಜಾಲತಾಣದ ಗೀಳು ಬೇರೆ ರೋಗವಾಗಿ ಅದರಲ್ಲಿಲ್ಲ. ಹಾಗಾಗಿ ಪತ್ರ ಓದಿ ನಿಮ್ಮ ಮಗನಿಗೆ ರೋಗದ ಹೆಸರು ಕೊಡುವ ಗೊಡವೆಗೆ ನಾನು ಹೋಗುವುದಿಲ್ಲ. ನನ್ನ ಮುಂದೆ ಬಂದು ಕೂತಿದ್ದರೆ ಎಷ್ಟು ತಾಸು ನೋಡುತ್ತೀ ಎಂದೂ ಮೊದಲಿಗೇ ಕೇಳುತ್ತಿರಲಿಲ್ಲ. ನಿದ್ದೆ ಹೇಗಿದೆ, ಕೈಗೆತ್ತಿಕೊಂಡ ಕೆಲಸ ಸಾಗುತ್ತಿದೆಯೇ, ಮೊದಲು ಇಷ್ಟಪಡುತ್ತಿದ್ದ ಮಂದಿಯಿಂದ ದೂರ ಸರಿದಿದ್ದಾನೆಯೇ, ಫೋನಿನ ವಿಷಯದಲ್ಲಿ ಸುಳ್ಳು ಹೇಳುತ್ತಾನೆಯೇ ಎಂದು ನೋಡುತ್ತಿದ್ದೆ. ನಿಮ್ಮ ಪತ್ರದ ಪ್ರಕಾರ ಈ ನಾಲ್ಕರಲ್ಲೂ ಏನೋ ಎಡವಟ್ಟಾಗಿದೆ. ರೋಗವೆಂಬ ಹಣೆಪಟ್ಟಿ ಇಲ್ಲದಿದ್ದರೂ ಇದು ಲಕ್ಷ್ಯ ಕೊಡಬೇಕಾದ ಸಂಗತಿಯೇ.

ಮಗನಿಗೆ ಮನಸ್ಸು ಗಟ್ಟಿಯಿಲ್ಲ ಎಂದು ಮಾತ್ರ ತಿಳಿಯಬೇಡಿ. ಬಿ. ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಪ್ರಯೋಗ ಮಾಡುತ್ತಿದ್ದ. ಗುಂಡಿಯನ್ನು ಕೊಕ್ಕಿನಿಂದ ಕುಟುಕಿದರೆ ಕಾಳು ಬೀಳುತ್ತದೆ. ಇಂತಿಷ್ಟು ಸಲ ಕುಟುಕಿದರೆ ಕಾಳು ಎಂದು ಲೆಕ್ಕ ಗೊತ್ತಾದರೆ, ಪಾರಿವಾಳ ಕುಟುಕಿ ಕಾಳು ತಿಂದು ಸ್ವಲ್ಪ ಸುಮ್ಮನಿರುತ್ತದೆ. ಆದರೆ ಒಮ್ಮೆ ಮೂರು ಸಲಕ್ಕೆ, ಒಮ್ಮೆ ಮೂವತ್ತು ಸಲಕ್ಕೆ, ಯಾವಾಗ ಬೀಳುತ್ತದೋ ತಿಳಿಯದ ಹಾಗೆ ಕಾಳು ಬೀಳಿಸಿದರೆ ಅದು ಬಿಡುವಿಲ್ಲದೆ ಕುಟುಕುತ್ತಲೇ ಇರುತ್ತದೆ. ರೀಲ್ಸ್ ನೋಡುವಾಗ ನಮ್ಮ ಹೆಬ್ಬೆರಳು ಮಾಡುವುದೂ ಇದನ್ನೇ. ಮುಂದಿನದು ಚಲೋ ಇರಬಹುದು, ಇಲ್ಲದೆಯೂ ಇರಬಹುದು. ಆ ‘ಇರಬಹುದು’ ನಮ್ಮನ್ನು ಕೂಡಿಸಿ ಹಾಕುತ್ತದೆ.

ಅದರ ಮೇಲೆ ಇನ್ನೊಂದು ಸೇರಿಕೊಂಡಿತು. ಮೊದಲು ಕಂಪ್ಯೂಟರ್ ಪುಟದ ತಳಕ್ಕೆ ಬಂದರೆ ಮುಂದಿನ ಪುಟಕ್ಕೆ ಒತ್ತಬೇಕಿತ್ತು. ಒತ್ತುವ ಮೊದಲು ಅರೆಗಳಿಗೆ ಯೋಚನೆ ಬರುತ್ತಿತ್ತು. 2006ರಲ್ಲಿ ಏಝಾ ರಾಸ್ಕಿನ್ ಎಂಬ ವಿನ್ಯಾಸಕಾರ ಪುಟಕ್ಕೆ ತಳವೇ ಇಲ್ಲದ ಹಾಗೆ, ಸರಿಸಿದಷ್ಟೂ ಹೊಸದು ಬರುವ ವಿಧಾನ ಮಾಡಿದ. ಮುಂದೆ ತಾನೇ ಅದಕ್ಕಾಗಿ ಬಹಿರಂಗವಾಗಿ ಮರುಗಿದ. ನಮ್ಮ ಧಾರವಾಡದ ಆಕಾಶವಾಣಿಯನ್ನು ನೆನಪಿಸಿಕೊಳ್ಳಿ. 1950ರಿಂದ ನಡೆದು ಬಂದ ನಿಲಯ, ನಮ್ಮ ಮನೆಗಳಿಗೆ ಗಡಿಯಾರವಿದ್ದ ಹಾಗೆ ಇತ್ತು. ರಾತ್ರಿ ಹನ್ನೊಂದು ದಾಟಿದ ಮೇಲೆ ನಮಸ್ಕಾರ ಹೇಳಿ ಪ್ರಸಾರ ಮುಗಿಸುತ್ತಿತ್ತು, ಅಪ್ಪ ಎದ್ದು ರೇಡಿಯೋ ಬಂದ್ ಮಾಡುತ್ತಿದ್ದರು. ಪತ್ರಿಕೆಗೂ ಕೊನೆಯ ಪುಟವಿತ್ತು. ನಿಮ್ಮ ಮಗನ ಕೈಯಲ್ಲಿರುವುದಕ್ಕೆ ಕೊನೆಯ ಪುಟವಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾದ ಖರ್ಚೂ ತಡೆಯಾಗಿ ಉಳಿಯಲಿಲ್ಲ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಮುಂದಿನ ತಿಂಗಳೇ ರೀಲ್ಸ್ ಬಂತು. ಆ್ಯಪ್ ಬದಲಾಯಿತು, ಹೆಬ್ಬೆರಳು ಹಾಗೇ ಸರಿಯುತ್ತಾ ಹೋಯಿತು.

ಇಲ್ಲಿ ಒಬ್ಬ ಹುಡುಗನ ವಿಷಯ ಹೇಳಬೇಕು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವನೂ ಹಾವೇರಿ ಕಡೆಯ ಹಳ್ಳಿಯಿಂದ ಬಂದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದವ. ‘ದಿನಾ ಹೆಂಗ ನೋಡ್ತೀಯೋ ಹಂಗ ಹತ್ತು ನಿಮಿಷ ನೋಡು, ನಾನು ಬಾಜೂಕ ಕೂಡ್ತೀನಿ’ ಅಂದೆ. ಮೊದಲು ನಾಚಿಕೊಂಡ, ಎರಡು ನಿಮಿಷ ಕಳೆಯುವುದರೊಳಗೆ ನಾನಿರುವುದನ್ನೇ ಮರೆತ. ಒಂದೊಂದು ವಿಡಿಯೋಕ್ಕೆ ಒಂದೊಂದು ಗೀಟು ಎಂದು ನಾನು ಕಾಗದದ ಮೇಲೆ ಎಳೆಯುತ್ತಾ ಹೋದೆ. ಹತ್ತು ನಿಮಿಷಕ್ಕೆ 38 ಗೀಟಾದವು. ಫೋನ್ ಮೇಜಿನ ಮೇಲೆ ಮಗುಚಿಡಿಸಿ, ‘ಇದರಾಗ ಯಾವ್ಯಾವು ನೆನಪಿದಾವ?’ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ ಮೂರು ಹೇಳಿದ. ಒಂದು ಕ್ರಿಕೆಟ್ಟಿನದು, ಒಂದು ನಾಯಿಮರಿಯದು. ಮೂರನೆಯದು, ಹೊಸ ಖಾಕಿ ಹಾಕಿಕೊಂಡ ಹುಡುಗನೊಬ್ಬ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ತಾಯಿಯ ಕಾಲಿಗೆ ಬೀಳುವುದು. ಅದನ್ನು ಹೇಳುವಾಗ ಅವನ ದನಿ ಒಡೆಯಿತು. ‘ಇದನ್ನ ಎಷ್ಟು ಸಲ ನೋಡೀಯಪ್ಪಾ?’ ಅಂದೆ. ‘ಲೆಕ್ಕ ಇಲ್ರೀ’ ಅಂದ.

ಅಕ್ಕಾರೆ, ಮಕ್ಕಳು ಮೋಜು ನೋಡುತ್ತಾ ಕಾಲ ಕಳೆಯುತ್ತಿದ್ದಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಸಪ್ತಾಪುರದ ರೂಮುಗಳ ಹುಡುಗ ಹುಡುಗಿಯರು ನೋಡುವುದರಲ್ಲಿ ಅರ್ಧ ಇಂಥವೇ. ಮೊದಲ ಯತ್ನದಲ್ಲೇ ಪಾಸಾದವರ ಸಂದರ್ಶನ, ಬೆಳಗಿನ ನಾಲ್ಕಕ್ಕೆ ಎದ್ದು ಓದಿದವರ ಕಥೆ, ಪರೀಕ್ಷೆ ಮುಂದಕ್ಕೆ ಹೋಗುತ್ತದಂತೆ ಎಂಬ ಟೆಲಿಗ್ರಾಂ ಗಾಳಿಸುದ್ದಿ, ಕಟ್‌ಆಫ್ ಎಷ್ಟಾಗಬಹುದು ಎಂಬ ಲೆಕ್ಕ. ಓದಿನ ವಿಷಯವೇ ಆದ್ದರಿಂದ ‘ಓದಾಕತ್ತೀನಿ’ ಎಂಬ ಅವರ ಉತ್ತರ ಪೂರ್ತಿ ಸುಳ್ಳೂ ಅಲ್ಲ. ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ 1954ರಷ್ಟು ಹಿಂದೆಯೇ ಒಂದು ಮಾತು ಬರೆದಿದ್ದ: ಅಳೆಯಲು ಬೇರೆ ಅಳತೆಗೋಲು ಇಲ್ಲದಾಗ ಮನುಷ್ಯ ತನ್ನನ್ನು ಇತರರ ಪಕ್ಕ ಇಟ್ಟು ಅಳೆದುಕೊಳ್ಳುತ್ತಾನೆ. ಮೊದಲು ಓಣಿಯ ಹತ್ತು ಹುಡುಗರ ಪಕ್ಕ ಅಳೆದುಕೊಳ್ಳುತ್ತಿದ್ದೆವು. ಅವರಲ್ಲಿ ಪಾಸಾದವನೂ ಇರುತ್ತಿದ್ದ, ನಪಾಸಾದವನೂ ಇರುತ್ತಿದ್ದ. ಪಾಸಾದವನಿಗೆ ಎಷ್ಟು ಕಷ್ಟವಾಯಿತು ಎಂಬುದೂ ಗೊತ್ತಿರುತ್ತಿತ್ತು. ಈಗ ನಿಮ್ಮ ಮಗನ ಪಕ್ಕ ನಿಲ್ಲುವವರು ರಾಜ್ಯದ ತುಂಬ ಇರುವ ಪಾಸಾದವರು ಮಾತ್ರ. ನಪಾಸಾದವರು ಯಾರೂ ವಿಡಿಯೋ ಮಾಡಿ ಹಾಕುವುದಿಲ್ಲ. ಆಯ್ಕೆಯಾದ ಒಬ್ಬನ ಹಿಂದೆ ಆಗದೆ ಉಳಿದ ಸಾವಿರಾರು ಜನ ಇದ್ದಾರೆ ಎಂಬುದು ಅವನಿಗೆ ಗೊತ್ತು, ಆದರೆ ಕಣ್ಣಿಗೆ ಬೀಳುವುದಿಲ್ಲ.

ಅದರ ಜೊತೆಗೆ ಕಾಯುವ ಸಂಕಟ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಆ ಎರಡು ವರ್ಷ ಧಾರವಾಡದ ರೂಮುಗಳಲ್ಲಿ ಕೂತ ಮಕ್ಕಳು ಏನು ಮಾಡಬೇಕಿತ್ತು? ಊರಿಗೆ ಹೋದರೆ ‘ಏನಾತೋ ನಿನ್ನ ನೌಕರಿ’ ಎಂದು ಕೇಳುತ್ತಾರೆ. ಪುಸ್ತಕ ತೆರೆದರೆ ಇದು ಯಾವಾಗಿನ ಪರೀಕ್ಷೆಗೆ ಎಂದು ತಿಳಿಯದು. ಇಂಥ ಹೊತ್ತಿನಲ್ಲಿ ಕೈಯಲ್ಲಿ ಫೋನಿತ್ತು. ನನ್ನ ಬಳಿ ಬಂದ ಹಲವು ಹುಡುಗರ ಗೀಳಿನ ಹಿಂದೆ ಇಂಥ ಕಾಯುವಿಕೆ ಇತ್ತು. ನಿಮ್ಮ ಮಗ ಮೂರು ವರ್ಷದಿಂದ ಕಾಯುತ್ತಿದ್ದಾನೆ. ಅವನು ಫೋನಿನಲ್ಲಿ ಮುಖ ಹುದುಗಿಸುವುದು ನಿಮ್ಮ ಕಣ್ಣು ತಪ್ಪಿಸಲಿಕ್ಕೂ ಇರಬಹುದು. ನೀವು ದುಡ್ಡು ಕಳಿಸುತ್ತಿದ್ದೀರಿ, ಅವನ ಕೈಯಲ್ಲಿ ಇನ್ನೂ ಏನೂ ಇಲ್ಲ. 24ರ ಹುಡುಗನಿಗೆ ಆ ನಾಚಿಕೆ ಬಹಳ ಭಾರ.

ಹಾಗಾದರೆ ಈ ಜಾಲತಾಣಗಳು ಮನಸ್ಸಿಗೆ ನಿಜಕ್ಕೂ ಕೇಡು ಮಾಡುತ್ತವೆಯೇ? ಹೆದರಿಸುವ ಮಾತು ಹೇಳಿ ನಿಮ್ಮನ್ನು ಕಳಿಸಲಾರೆ. ಆಮಿ ಆರ್ಬೆನ್, ಆ್ಯಂಡ್ರ್ಯೂ ಶಿಬಿಲ್‌ಸ್ಕಿ ಎಂಬ ಸಂಶೋಧಕರು 2019ರಲ್ಲಿ ಲಕ್ಷಗಟ್ಟಲೆ ಹದಿಹರೆಯದವರ ಮಾಹಿತಿ ಜಾಲಿಸಿ ನೋಡಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಹೆಚ್ಚುಕಡಿಮೆಯ ಪೈಕಿ ಡಿಜಿಟಲ್ ಸಾಧನಗಳ ಬಳಕೆಗೆ ಹೊಂದಿಸಬಹುದಾದದ್ದು ಶೇ. 0.4ಕ್ಕಿಂತ ಹೆಚ್ಚಿಲ್ಲ ಎಂದು ಕಂಡರು. 2018ರ ಚುನಾವಣೆಯ ಮೊದಲು ಅಮೆರಿಕದಲ್ಲಿ ಕೆಲವರಿಗೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ಅವರಿಗೆ ದಿನಕ್ಕೆ ಸುಮಾರು ಒಂದು ತಾಸು ಉಳಿಯಿತು, ಮನಸ್ಸಿಗೆ ಸ್ವಲ್ಪ, ಸ್ವಲ್ಪವೇ, ಹಗುರವಾಯಿತು. ರಾಜಕೀಯದ ಕಾವೂ ಇಳಿಯಿತು. ಸುದ್ದಿಯ ತಿಳಿವಳಿಕೆ ಮಾತ್ರ ಕಡಿಮೆಯಾಯಿತು. ಇನ್ನೊಂದು ಕಡೆ, ಇನ್‌ಸ್ಟಾಗ್ರಾಂ ಕಂಪನಿಯ ಒಳಗಿನ ಕಾಗದಗಳು 2021ರಲ್ಲಿ ಹೊರಬಂದವು. ತಮ್ಮ ಮೈಕಟ್ಟಿನ ಬಗ್ಗೆ ಮೊದಲೇ ಬೇಸರವಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇ. 32ರಷ್ಟು ಮಂದಿ, ಇನ್‌ಸ್ಟಾಗ್ರಾಂ ನೋಡಿದಾಗ ಆ ಬೇಸರ ಹೆಚ್ಚುತ್ತದೆ ಎಂದಿದ್ದರು. ಈ ಎರಡು ಬಗೆಯ ಮಾತೂ ಒಟ್ಟಿಗೆ ನಿಜವಾಗಬಹುದು ಎಂಬುದು ನನ್ನ ತಿಳಿವಳಿಕೆ. ಎಲ್ಲರನ್ನೂ ಕೂಡಿಸಿ ಸರಾಸರಿ ತೆಗೆದರೆ ಪರಿಣಾಮ ಸಣ್ಣದಾಗಿ ಕಾಣುತ್ತದೆ. ಮೊದಲೇ ಒಂಟಿಯಾಗಿರುವವರಿಗೆ, ಸೋತೆ ಎಂದುಕೊಂಡವರಿಗೆ, ನಿದ್ದೆಗೆಟ್ಟವರಿಗೆ ಅದೇ ಪೆಟ್ಟು ಗಟ್ಟಿಯಾಗಿ ಬೀಳುತ್ತದೆ. ನಿಮ್ಮ ಮಗ ಈ ಎರಡನೆಯ ಗುಂಪಿನಲ್ಲಿದ್ದಾನೆ ಎಂಬುದೇ ನನ್ನ ಚಿಂತೆ.

ನಿದ್ದೆಯ ಮಾತನ್ನು ಒತ್ತಿ ಹೇಳುತ್ತೇನೆ. ರಾತ್ರಿ ಎರಡರವರೆಗೆ ಎಚ್ಚರವಿದ್ದವನಿಗೆ ಮರುದಿನ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ನಿಲ್ಲದಿದ್ದಾಗ ಹೆದರಿಕೆ ಬರುತ್ತದೆ, ಹೆದರಿಕೆ ಮರೆಯಲು ಮತ್ತೆ ಫೋನ್ ಬೇಕಾಗುತ್ತದೆ. ಗಾಣದ ಎತ್ತಿನ ಹಾಗೆ ಸುತ್ತು. ಇದನ್ನು ಎಲ್ಲಿಯಾದರೂ ಮುರಿಯಬೇಕೆಂದರೆ ನಾನು ರಾತ್ರಿಯಲ್ಲೇ ಮುರಿಯುತ್ತೇನೆ. ಹಗಲಿನ ಲೆಕ್ಕ ಆಮೇಲೆ ನೋಡಿದರಾಯಿತು.

ಈಗ ತವರಿನ ಗ್ರೂಪಿನ ಮಾತು. ಮಗನ ಸಂಕಟಕ್ಕಿಂತ ಇದು ನನ್ನನ್ನು ಹೆಚ್ಚು ಕಾಡಿತು. ಪಂಚಮಿಗೆ ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆಂದು ಬಾಗಿಲು ಕಾಯುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಎಂಥ ಸಂಗತಿ ಎಂಬುದು ನನಗೂ ಗೊತ್ತು. ಬೆಲೆ ಏರಿತು, ಬರ ಬಿತ್ತು, ಹಿರಿಯರು ತೀರಿಕೊಂಡರು, ಆಗೆಲ್ಲ ತಪ್ಪದ ಬಳಕೆ ಒಂದು ವಿಡಿಯೋಕ್ಕೆ ತಪ್ಪಿತು.

ಹಳ್ಳಿಯ ಕಟ್ಟೆಯ ಮೇಲೆ ಜಗಳ ಇರಲಿಲ್ಲವೇ? ಇತ್ತು, ರಾಜಕೀಯದ್ದೇ ಬೇಕಾದಷ್ಟಿತ್ತು. ಆದರೆ ಅಲ್ಲಿ ಒಬ್ಬ ಮಾತು ಮುಗಿಸುವ ತನಕ ಇನ್ನೊಬ್ಬ ಎಲೆಗೆ ಸುಣ್ಣ ಹಚ್ಚುತ್ತಾ ಕೂರುತ್ತಿದ್ದ. ಅಷ್ಟರಲ್ಲಿ ಸಿಟ್ಟು ಒಂದಿಷ್ಟು ಇಳಿಯುತ್ತಿತ್ತು. ಎದುರಿನವನ ಮುಖ ಬಾಡಿದ್ದು ಕಾಣುತ್ತಿತ್ತು. ಹಿರಿಯರೊಬ್ಬರು ‘ಸಾಕು ಬಿಡ್ರಪಾ, ಬೀಗರು ಬೀಗರು ಹಂಗ ಮಾತಾಡಬಾರದು’ ಎಂದು ತಡೆಯುತ್ತಿದ್ದರು. ಆಡಿದ ಮಾತು ಗಾಳಿಗೆ ಹೋಗುತ್ತಿತ್ತು. ಗ್ರೂಪಿನಲ್ಲಿ ಆಡಿದ್ದು ಬರಹವಾಗಿ ಉಳಿಯುತ್ತದೆ, ಮತ್ತೆ ಮತ್ತೆ ಓದಲು ಸಿಗುತ್ತದೆ, ಓದಿದಾಗೆಲ್ಲ ಗಾಯ ಹಸಿಯಾಗುತ್ತದೆ. ನಿಮ್ಮ ತಮ್ಮನಿಗೆ ಒಬ್ಬ ಭಾವನ ಮಾತಿಗೆ ಉತ್ತರ ಕೊಡುವುದಿದ್ದರೆ ಅದು ಸಣ್ಣ ಜಗಳ. ಇಡೀ ಬಳಗ ನೋಡುತ್ತಿರುವಾಗ ಸುಮ್ಮನಾದರೆ ಸೋತಂತೆ ಎಂದು ಇಬ್ಬರಿಗೂ ಅನ್ನಿಸಿರುತ್ತದೆ.

ಮನೆಯವರು ಹಾಕಿದ ಆ ವಿಡಿಯೋವನ್ನು ಅವರು ಮಾಡಿದ್ದಲ್ಲ, ಎಲ್ಲಿಂದಲೋ ಬಂದದ್ದನ್ನು ದಾಟಿಸಿದ್ದು ಎಂದು ತಿಳಿಯುತ್ತೇನೆ. ಇಂಥವು ಓಡುವುದಕ್ಕೂ ಕಾರಣವಿದೆ. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಸುಳ್ಳು ಸುದ್ದಿಯನ್ನು ಜನ ಮುಂದಕ್ಕೆ ದಾಟಿಸುವ ಸಾಧ್ಯತೆ ನಿಜ ಸುದ್ದಿಗಿಂತ ಶೇ. 70ರಷ್ಟು ಹೆಚ್ಚಿತ್ತು. 1,500 ಮಂದಿಯನ್ನು ಮುಟ್ಟಲು ನಿಜ ಸುದ್ದಿಗೆ ಸುಳ್ಳಿನ ಆರು ಪಟ್ಟು ಹೊತ್ತು ಬೇಕಾಗಿತ್ತು. ಇದಕ್ಕೆ ಕಾರಣ ಯಂತ್ರಗಳಲ್ಲ, ನಮ್ಮಂಥ ಮನುಷ್ಯರೇ. ಸುಳ್ಳು ಹೊಸದಾಗಿರುತ್ತದೆ, ಬೆಚ್ಚಿಬೀಳಿಸುತ್ತದೆ. ಕಂಪನಿಗಳೂ ಕಾವು ಹೆಚ್ಚಿಸಿವೆ. ಯಾವ ಪೋಸ್ಟ್ ಯಾರಿಗೆ ಮೊದಲು ಕಾಣಬೇಕು ಎಂದು ಲೆಕ್ಕ ಹಾಕುವಾಗ ಫೇಸ್‌ಬುಕ್ 2017ರಲ್ಲಿ, ಸಿಟ್ಟಿನ ಮುಖವೂ ಸೇರಿದಂತೆ ಎಮೋಜಿಗಳಿಗೆ ಲೈಕಿಗಿಂತ ಐದು ಪಟ್ಟು ತೂಕ ಕೊಟ್ಟಿತ್ತು. ಸಿಟ್ಟಿನ ಮುಖದ ತೂಕವನ್ನು ಸೊನ್ನೆಗಿಳಿಸಿದ್ದು 2020ರಲ್ಲಿ.

ನಮ್ಮ ನಾಡು ಇದರ ಬೆಲೆ ತೆತ್ತಿದೆ. 2012ರ ಆಗಸ್ಟ್‌ನಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಆಗ ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್ಸೆಮ್ಮೆಸ್ ಕಳಿಸದ ಹಾಗೆ ಕೇಂದ್ರ ಸರ್ಕಾರ 15 ದಿನ ತಡೆ ಹಾಕಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರವೂರಿನವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಹಬ್ಬಿಸಿ, ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಹೊಡೆದು ಕೊಂದರು. ನಮ್ಮ ಪಕ್ಕದಲ್ಲೇ, 2022ರ ಏಪ್ರಿಲ್ 16ರ ರಾತ್ರಿ, ಯಾರೋ ಒಬ್ಬರು ಸ್ಟೇಟಸ್‌ಗೆ ಇಟ್ಟ ತಿದ್ದಿದ ಚಿತ್ರಕ್ಕೆ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ಜನ ಸೇರಿ ಕಲ್ಲು ತೂರಾಟವಾಯಿತು. ಪೊಲೀಸರಿಗೆ ಪೆಟ್ಟಾಯಿತು, ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಇಂಥ ರಾತ್ರಿಗಳಲ್ಲಿ ಜೈಲಿಗೆ ಹೋದವರ ತಾಯಂದಿರಿಗೂ ನಿದ್ದೆ ಇರುವುದಿಲ್ಲ, ಗಾಯಗೊಂಡವರ ಮನೆಯಲ್ಲೂ ಇರುವುದಿಲ್ಲ.

ಆದರೆ ಇದೇ ಕಥೆಯಲ್ಲಿ ನನಗೆ ಭರವಸೆ ಕೊಡುವ ಒಂದು ಸಂಗತಿಯಿದೆ. ಗುಂಪುಹಲ್ಲೆಗಳ ನಂತರ 2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದೇ ಕಡೆ ದಾಟಿಸಲು ಬರುವ ಹಾಗೆ ಮಾಡಿತು. ಮುಂದಿನ ವರ್ಷ ಅದನ್ನು ಜಗತ್ತಿಗೆಲ್ಲ ಹಬ್ಬಿಸಿತು. ಇದರಿಂದ ಸಂದೇಶ ದಾಟಿಸುವುದು ಶೇ. 25ರಷ್ಟು ಇಳಿಯಿತು ಎಂದು ಕಂಪನಿಯೇ ಹೇಳಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು ಎಂದು ಮಾಡಿದಾಗ ಅಂಥವುಗಳ ಓಡಾಟ ಶೇ. 70ರಷ್ಟು ಇಳಿಯಿತು. ಯಾರ ಬಾಯಿಯನ್ನೂ ಕಟ್ಟಿರಲಿಲ್ಲ. ಮತ್ತೆ ಮತ್ತೆ ಒತ್ತಬೇಕಾದ ಸಣ್ಣ ತ್ರಾಸವನ್ನು ನಡುವೆ ಇಟ್ಟರು, ಅಷ್ಟೇ. ಅಷ್ಟಕ್ಕೇ ಜನ ಬಿಟ್ಟರು. ನಾನು ರೋಗಿಗಳಿಗೆ ಹೇಳುವುದೆಲ್ಲ ಹೆಚ್ಚುಕಡಿಮೆ ಇದೇ ಉಪಾಯ.

ಫೋನಿನಿಂದ ಆದ ಉಪಕಾರ ಸಣ್ಣದಲ್ಲ ಎಂಬುದನ್ನೂ ಹೇಳಲೇಬೇಕು. ನಿಮ್ಮ ಬೆಟಗೇರಿಯ ಮಗ್ಗದ ಸೀರೆಯ ಫೋಟೋ ವಾಟ್ಸಾಪಿನಲ್ಲಿ ನೋಡಿ ನಾನೇ ತರಿಸಿಕೊಂಡಿದ್ದೇನೆ. ಕಿವಿ ಕೇಳದ ಮಕ್ಕಳು ವಿಡಿಯೋ ಕಾಲ್‌ನಲ್ಲಿ ಕೈಸನ್ನೆಯಿಂದ ಗೆಳೆಯರೊಡನೆ ತಾಸುಗಟ್ಟಲೆ ಹರಟುವುದನ್ನು ಕಂಡಿದ್ದೇನೆ. 2021ರ ಕೊರೊನಾ ಎರಡನೇ ಅಲೆಯಲ್ಲಿ ಆಕ್ಸಿಜನ್ ಎಲ್ಲಿದೆ, ಹಾಸಿಗೆ ಎಲ್ಲಿ ಖಾಲಿ ಇದೆ ಎಂದು ಗ್ರೂಪುಗಳಲ್ಲೇ ತಿಳಿಯುತ್ತಿತ್ತು. ಬಿಟ್ಟುಬಿಡಿ ಎಂದು ನಾನು ಯಾರಿಗೂ ಹೇಳದಿರುವುದು ಇದಕ್ಕೇ.

ಈಗ ನೀವು ಮಾಡಬೇಕಾದದ್ದು. ಮೊದಲು ನಿಮ್ಮಿಂದ ಶುರು ಮಾಡಿ. ಇಂದಿನಿಂದ ನಿಮ್ಮ ಫೋನ್ ಮಲಗುವ ಕೋಣೆಯೊಳಗೆ ಬರಬಾರದು. ಅಡುಗೆಮನೆಯಲ್ಲೋ ಪಡಸಾಲೆಯಲ್ಲೋ ಚಾರ್ಜಿಗೆ ಹಾಕಿ. ಬೆಳಿಗ್ಗೆ ಏಳಲು ಒಂದು ಅಲಾರಂ ಗಡಿಯಾರ ತಗೊಳ್ಳಿ. ಮೊದಲ ನಾಲ್ಕೈದು ದಿನ ಕೈ ಖಾಲಿ ಖಾಲಿ ಅನ್ನಿಸುತ್ತದೆ, ಸುಮ್ಮಸುಮ್ಮನೆ ಎದ್ದು ಹೋಗಬೇಕೆನಿಸುತ್ತದೆ. ಅದನ್ನು ಚೆನ್ನಾಗಿ ಗಮನಿಸಿ, ಮಗನಿಗೆ ಹೇಳಲು ಬೇಕಾಗುತ್ತದೆ.

ಆಮೇಲೆ ಧಾರವಾಡಕ್ಕೆ ಹೋಗಿ. ಫೋನಿನಲ್ಲಿ ಈ ಮಾತು ಆಡಲು ಬರುವುದಿಲ್ಲ. ಗದಗದಿಂದ ಹುಬ್ಬಳ್ಳಿ, ಅಲ್ಲಿಂದ ಚಿಗರಿ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುತ್ತೀರಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ, ಅವನ ರೂಮಿನವರಿಗೂ ಆಗುವಷ್ಟು. ಸಂಜೆ ಅವನನ್ನು ಕೆಲಗೇರಿ ಕೆರೆಯ ಕಡೆ ನಡೆದಾಡಲು ಕರೆದುಕೊಂಡು ಹೋಗಿ, ಇಬ್ಬರ ಫೋನೂ ರೂಮಿನಲ್ಲೇ ಇರಲಿ. ‘ಫೋನ್ ಬಿಡು’ ಎಂದು ಶುರು ಮಾಡಬೇಡಿ. ‘ನಾನೂ ಒಂದು ತಾಸು ನೋಡತಿದ್ನೋ, ಬಿಡಾಕ ಹೋದರ ಕೈ ಚಡಪಡಸ್ತಾವ’ ಎಂದು ನಿಮ್ಮದನ್ನೇ ಹೇಳಿ. ತಾಯಿ ತನ್ನ ತಪ್ಪು ತಾನೇ ಹೇಳಿದರೆ ಮಗನಿಗೆ ತನ್ನದನ್ನು ಮುಚ್ಚಿಡುವ ಅಗತ್ಯ ಕಡಿಮೆಯಾಗುತ್ತದೆ. ಆಮೇಲೆ ಕೇಳಿ: ‘ಇನ್ನ ಎಷ್ಟು ಸಲ ಬರೀಬೇಕಂತ ಮಾಡೀದಿ? ಆಗಲಿಲ್ಲಂದರ ಮುಂದೇನು?’ ಸಿಟ್ಟಿಲ್ಲದೆ ಕೇಳಿ, ಉತ್ತರ ಬರುವ ತನಕ ಸುಮ್ಮನಿರಿ. ಇಂತಿಷ್ಟು ಸಲ ಬರೆಯುವುದು, ಆಮೇಲೆ ಬೇರೆ ದಾರಿ ಎಂದು ತಾಯಿ ಮಗ ಕೂಡಿ ಮಾತಾಡಿಕೊಂಡರೆ ಆ ಕಾಯುವಿಕೆಗೆ ಒಂದು ತಳ ಸಿಗುತ್ತದೆ. ತಳ ಸಿಕ್ಕ ಮೇಲೆ ಹಲವರ ಕೈಯಿಂದ ಫೋನ್ ತಾನಾಗಿ ಇಳಿದದ್ದನ್ನು ನೋಡಿದ್ದೇನೆ.

ಅವನು ಒಪ್ಪಿದರೆ ಇಷ್ಟು ಮಾಡಲಿ. ರೂಮಿನ ಗೆಳೆಯರೆಲ್ಲ ರಾತ್ರಿ ಹತ್ತೂವರೆಗೆ ಫೋನುಗಳನ್ನು ಒಂದು ಡಬ್ಬಿಗೆ ಹಾಕಿ ಬಾಗಿಲ ಹೊರಗಿನ ಕಪಾಟಿನಲ್ಲಿ ಇಡಲಿ. ಒಬ್ಬನೇ ಮಾಡಿದರೆ ನಿಲ್ಲುವುದಿಲ್ಲ, ನಾಲ್ಕು ಮಂದಿ ಕೂಡಿದರೆ ನಿಲ್ಲುತ್ತದೆ. ಇನ್‌ಸ್ಟಾಗ್ರಾಂ ಆ್ಯಪ್ ಅಳಿಸಲಿ, ಖಾತೆ ಇರಲಿ. ನೋಡಲೇಬೇಕೆನಿಸಿದರೆ ಮತ್ತೆ ಹಾಕಿಕೊಂಡು ಪಾಸ್‌ವರ್ಡ್ ಒತ್ತಿ ನೋಡಲಿ. ಅಷ್ಟು ತ್ರಾಸವೇ ಸಾಕು, ಹತ್ತರಲ್ಲಿ ಕೆಲವು ಸಲ ಬೇಡವೆನಿಸುತ್ತದೆ. ಟೆಲಿಗ್ರಾಂನ ಪರೀಕ್ಷೆಯ ಗ್ರೂಪುಗಳ ನೋಟಿಫಿಕೇಶನ್ ಸದ್ದು ಬಂದ್ ಮಾಡಿ, ಊಟದ ಮೇಲೆ ದಿನಕ್ಕೊಮ್ಮೆ ತೆರೆಯಲಿ. ಪಿಡಿಎಫ್ ನೋಟ್ಸನ್ನು ಝೆರಾಕ್ಸ್ ಮಾಡಿಸಿಕೊಡಿ. ಓದಲಿಕ್ಕೆ ಫೋನ್ ಬೇಕು ಎಂಬ ಮಾತು ಅರ್ಧ ಅಲ್ಲಿಗೇ ಮುಗಿಯುತ್ತದೆ. ನೀವೂ ರಾತ್ರಿ ಫೋನ್ ಮಾಡಿ ‘ಓದಾಕತ್ತೀಯಾ?’ ಎಂದು ಕೇಳುವುದನ್ನು ಬಿಡಿ, ಆ ಪ್ರಶ್ನೆ ಸುಳ್ಳು ಹೇಳಿಸುತ್ತದೆ. ‘ಏನ ಉಂಡಿ?’ ಎಂದು ಕೇಳಿ.

ಮಾಡಬಹುದೇ ಎಂದು ಅನುಮಾನ ಬಂದರೆ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯನ್ನು ನೆನೆಯಿರಿ. 2022ರಿಂದ ಅಲ್ಲಿ ಸಂಜೆ ಏಳಕ್ಕೆ ಗುಡಿಯಿಂದ ಸೈರನ್ ಕೂಗುತ್ತದೆ, ಒಂದೂವರೆ ತಾಸು ಊರೆಲ್ಲ ಟಿವಿ, ಫೋನ್ ಪಕ್ಕಕ್ಕಿಡುತ್ತದೆ, ಮಕ್ಕಳು ಓದಲು ಕೂರುತ್ತಾರೆ. ಒಂದು ಊರಿಗೆ ಸಾಧ್ಯವಾದದ್ದು ನಾಲ್ಕು ಹುಡುಗರ ಒಂದು ರೂಮಿಗೆ ಸಾಧ್ಯವಾಗದೇ?

ಒಂದು ಎಚ್ಚರಿಕೆ. ಊಟ ಬಿಟ್ಟಿದ್ದರೆ, ವಾರಗಟ್ಟಲೆ ಮಂಕಾಗಿದ್ದರೆ, ‘ನಾನು ಇದ್ದು ಏನ ಮಾಡೋದೈತಿ’ ಎಂಬಂಥ ಮಾತು ಬಂದಿದ್ದರೆ ಮೇಲಿನದೆಲ್ಲ ಬದಿಗಿಟ್ಟು ಅಂದೇ ವೈದ್ಯರ ಬಳಿ ಕರೆದುಕೊಂಡು ಬನ್ನಿ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಫೋನಿನ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ. ಬೆಟ್ಟಿಂಗ್ ಆ್ಯಪ್‌ನಲ್ಲೋ ಸಾಲದ ಆ್ಯಪ್‌ನಲ್ಲೋ ಸಿಕ್ಕಿಬಿದ್ದಿದ್ದಾನೆಯೇ ಎಂದೂ ಮೆಲ್ಲಗೆ ಕೇಳಿ. ದುಡ್ಡಿನ ಮೋಸವಾಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ಫೋನ್ ಮಾಡಬೇಕು.

ಇನ್ನು ಗ್ರೂಪು. ಅದನ್ನು ಬಿಟ್ಟು ಹೊರಬರಬೇಡಿ, ಅದೂ ಒಂದು ಮಾತಾಗಿ ಚುಚ್ಚುತ್ತದೆ. ನಡೆಸುವವರಿಗೆ ಹೇಳಿ, ಎಲೆಕ್ಷನ್ನಿನ ವಿಡಿಯೋ ಯಾರೇ ಹಾಕುವುದಿದ್ದರೂ ಒಂದು ರಾತ್ರಿ ಕಳೆದ ಮೇಲೆ ಹಾಕಲಿ ಎಂಬ ಒಪ್ಪಂದ ಮಾಡಿಸಿ. ಬೆಳಿಗ್ಗೆ ಎದ್ದ ಮೇಲೆ ಬಹಳಷ್ಟು ಮಂದಿಗೆ ಅದನ್ನು ಹಾಕುವ ಉಮೇದು ಉಳಿದಿರುವುದಿಲ್ಲ. ತಮ್ಮನಿಗೆ ಉದ್ದದ ಸಂದೇಶ ಬರೆಯಬೇಡಿ, ಯಾವ ಮಾತಿಗೆ ಯಾವ ಅರ್ಥ ಹಚ್ಚುತ್ತಾನೋ ಹೇಳಲಾಗದು. ಮನೆಯವರಿಂದ ಕ್ಷಮೆ ಕೇಳಿಸಬೇಕೆಂದೂ ಹಟ ಹಿಡಿಯಬೇಡಿ. ಶೀಗಿ ಹುಣ್ಣಿವೆ ದೂರವಿಲ್ಲ. ಮನೆಯವರನ್ನೂ ಕರೆದುಕೊಂಡು, ಬುತ್ತಿ ಕಟ್ಟಿಕೊಂಡು ತವರಿನ ಹೊಲಕ್ಕೆ ಹೋಗಿ. ಕರೆಯದೆ ಹೇಗೆ ಹೋಗಲಿ ಅನ್ನಬೇಡಿ, ಆ ಹೊಲದಲ್ಲಿ ಆಡಿ ಬೆಳೆದವರು ನೀವು. ಭಾವ ಮೈದುನರಿಬ್ಬರೂ ಕೂಡಿ ಚರಗ ಚೆಲ್ಲಲಿ. ಊಟಕ್ಕೆ ಕೂತಾಗ ಆ ವಿಡಿಯೋದ ಸುದ್ದಿ ಯಾರೂ ತೆಗೆಯದಿರಲಿ. ಮಾತು ಎಲ್ಲಿಂದ ಶುರು ಮಾಡಲಿ ಎಂದು ಮನೆಯವರು ತಡವರಿಸಿದರೆ, ಈ ವರ್ಷ ಮಳೆ ಹೆಂಗಾತು, ಬಿಳಿಜೋಳ ಬಿತ್ತೋದು ಮುಗೀತೇನು ಎಂದು ಕೇಳಲಿ.